ಅಂಗಡಿಯೋ, ಗಾಡಿಯೋ? ದುಆಕ್ಕೆ ಮೊದಲು ಒಂದು ಲೆಕ್ಕ

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೆದ್ದಾರಿ ಬದಿಯಲ್ಲಿ ಕಾರು ತೊಳೆಯುವ ಅಂಗಡಿ ತೆರೆದ. ಉದ್ಘಾಟನೆಗೆ ನಮ್ಮನ್ನೂ ಕರೆದಿದ್ದ. ನಾವು ಹೋಗಿ ದುಆ ಮಾಡಿ, ಬಿರಿಯಾನಿ ಉಂಡು ಬಂದೆವು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಹಣ ಎಲ್ಲಿಂದ ಬಂತು ಎಂದು ನಾವಾಗಲಿ, ಅಲ್ಲಿ ಸೇರಿದ್ದ ಹಿರಿಯರಾಗಲಿ ಒಂದು ಮಾತು ಕೇಳಲಿಲ್ಲ. ಮೇ ತಿಂಗಳಲ್ಲಿ ತೆರೆದ ಅಂಗಡಿ ಅಕ್ಟೋಬರ್‌ನಲ್ಲಿ ಮುಚ್ಚಿತು. ಅಡ್ವಾನ್ಸ್ ಕಟ್ಟಲು ಅವನ ಉಮ್ಮನ ಬಳೆ ಮಾರಿದ್ದರೆಂದು ನಮಗೆ ಗೊತ್ತಾದದ್ದು ಆಮೇಲೆ. ಅವನು ಪುನಃ ಗಲ್ಫ್‌ಗೆ ಹೋದ.

ಕಳೆದ ವರ್ಷ ರಮಝಾನ್ ಮುಗಿದ ಮೇಲೆ ಇನ್ನೊಬ್ಬ ಬಂದ. ದುಬೈಯಲ್ಲಿ ಆರು ವರ್ಷ ಕಾರ್ ಡೀಟೈಲಿಂಗ್ ಕೆಲಸ ಮಾಡಿದ ಹುಡುಗ. "ಉಸ್ತಾದ್, ಶಾಪ್ ನೋಡಿ ಇಟ್ಟಿದ್ದೇನೆ. ಓಪನಿಂಗ್‌ಗೆ ನೀವೇ ದುಆ ಮಾಡಬೇಕು" ಅಂದ. "ದುಆ ಮಾಡುವ ಮಾರಾಯ, ಮೊದಲು ಒಂದು ಪುಸ್ತಕ, ಪೆನ್ನು ತೆಗೆ" ಅಂದೆವು. ಹಳೆಯ ತಪ್ಪು ನಮ್ಮ ತಲೆಯಲ್ಲಿತ್ತು.

ಪುಸ್ತಕ ಹೇಳಿದ್ದು

ಮೊದಲು ಅಂಗಡಿಯ ಲೆಕ್ಕ ಬರೆದೆವು. ಬಾಡಿಗೆ 22,000 ರೂಪಾಯಿ, ಇಬ್ಬರು ಹುಡುಗರ ಸಂಬಳ 30,000, ಕರೆಂಟು-ನೀರು 6,000, ಶಾಂಪೂ-ಬಟ್ಟೆ 5,000. ಒಟ್ಟು ತಿಂಗಳಿಗೆ 63,000. ಒಂದು ಕಾರಿಗೆ ಸರಾಸರಿ 400 ರೂಪಾಯಿ ಸಿಕ್ಕಿದರೂ ತಿಂಗಳಿಗೆ 158 ಕಾರು ತೊಳೆಯಬೇಕು. ಅಂದರೆ ದಿನಕ್ಕೆ ಆರು ಕಾರು ತೊಳೆದರೂ ಮಾಲೀಕನ ಕೈಗೆ ಬರುವುದು ಸೊನ್ನೆ. ಏಳನೆಯ ಕಾರಿನಿಂದ ಅವನ ಮನೆಯ ಅಕ್ಕಿ. ಅಡ್ವಾನ್ಸ್ ಎರಡು ಲಕ್ಷ ಬೇರೆ.

ಪಕ್ಕದ ಪುಟದಲ್ಲಿ ಗಾಡಿಯ ಲೆಕ್ಕ. ಒಂದು ಹಳೆಯ ಓಮ್ನಿ, ಅದರಲ್ಲಿ 200 ಲೀಟರಿನ ಟ್ಯಾಂಕ್, ಪ್ರೆಶರ್ ವಾಷರ್, ವ್ಯಾಕ್ಯೂಮ್, ಸಣ್ಣ ಜನರೇಟರ್. ಪೆಟ್ರೋಲ್ 8,000, ಶಾಂಪೂ-ಬಟ್ಟೆ 4,000, ರಿಪೇರಿಗೆಂದು ತೆಗೆದಿಡುವುದು 3,000, ಒಬ್ಬ ಹುಡುಗನ ಸಂಬಳ 15,000. ಒಟ್ಟು 30,000. ಮನೆ ಬಾಗಿಲಿಗೆ ಹೋಗಿ ಒಳಗೂ ಹೊರಗೂ ಮಾಡಿಕೊಟ್ಟರೆ 600 ರೂಪಾಯಿ ಕೊಡುವವರಿದ್ದಾರೆ. ದಿನಕ್ಕೆ ಎರಡು ಕಾರಿಗೆ ಖರ್ಚು ಹುಟ್ಟುತ್ತದೆ. ಆದರೆ ಪಂಪ್‌ವೆಲ್, ನಂತೂರಿನ ಟ್ರಾಫಿಕ್ ದಾಟಿಕೊಂಡು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಕಾರು ಆಗುವುದಿಲ್ಲ. ನಾಲ್ಕೇ ಎಂದು ಹಿಡಿದರೆ 26 ದಿನಕ್ಕೆ 62,400. ಖರ್ಚು ಕಳೆದು ಉಳಿಯುವುದು 32,400. ಗಾಡಿಯ ಮಿತಿ ಅಷ್ಟೇ. ಅಂಗಡಿಗೆ ಆ ಮಿತಿ ಇಲ್ಲ. ದಿನಕ್ಕೆ ಹತ್ತು ಕಾರು ಬಂದರೆ 41,000 ಉಳಿಯುತ್ತದೆ, ಪಾಲಿಶ್, ಕೋಟಿಂಗ್ ಕೆಲಸ ಸಿಕ್ಕಿದರೆ ಇನ್ನೂ ಹೆಚ್ಚು.

"ಹಾಗಾದ್ರೆ ಶಾಪೇ ಒಳ್ಳೇದಲ್ವಾ ಉಸ್ತಾದ್?" ಎಂದು ಕೇಳಿದ. "ಜೂನ್ ತಿಂಗಳು ಬರಿ" ಅಂದೆವು.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ತೊಳೆಯುವವ ಮೇಲಿದ್ದಾನೆ! ಬೆಳಿಗ್ಗೆ ತೊಳೆಸಿದ ಕಾರು ಸಂಜೆಗೆ ಕೆಸರು. ಅಂಗಡಿಗೆ ದಿನಕ್ಕೆ ಮೂರೇ ಕಾರು ಬಂದರೆ ತಿಂಗಳಿಗೆ 31,200. ಗಾಡಿಗೆ ದಿನಕ್ಕೆ ಎರಡೇ ಸಿಕ್ಕಿದರೂ ಅದೇ 31,200. ಅದೇ ಹಣದಲ್ಲಿ ಗಾಡಿಯವನು ಹೇಗೋ ಉಸಿರಾಡುತ್ತಾನೆ, ಅಂಗಡಿಯವನಿಗೆ 31,800 ನಷ್ಟ. ಅಂಥ ನಾಲ್ಕು ತಿಂಗಳು. ಉಮ್ಮನ ಬಳೆ ಹೋದದ್ದು ಎಲ್ಲಿ ಎಂದು ನಮಗೆ ಆ ದಿನ ಅರ್ಥವಾಯಿತು.

ಕೆಲಸ ಎಲ್ಲಿ ಉಂಟು

ಹಾಗೆಂದು ಮಳೆಗಾಲದಲ್ಲಿ ಕೆಲಸವೇ ಇಲ್ಲವೆಂದಲ್ಲ. ಹೊರಗೆ ಮಳೆ ತೊಳೆದರೂ ಕಾರಿನ ಒಳಗೆ ಬೂಸ್ಟು ಹಿಡಿಯುತ್ತದೆ. ಸೀಟು, ಬೆಲ್ಟು, ಸ್ಟೀರಿಂಗ್ ಎಲ್ಲ ಬೆಳ್ಳಗೆ, ವಾಸನೆ. ಯಜಮಾನರು ಗಲ್ಫ್‌ನಲ್ಲಿದ್ದು ಪೋರ್ಚಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳು ನಮ್ಮಲ್ಲಿ ಎಷ್ಟಿಲ್ಲ? ಒಳಗಿನ ಕೆಲಸಕ್ಕೆ ನೀರು ಕಡಿಮೆ ಸಾಕು, ಮೇಲೆ ಒಂದು ಮಾಡು ಇದ್ದರೆ ಆಯಿತು. ಉಳ್ಳಾಲ, ಸುರತ್ಕಲ್ ಕಡೆ ಕಡಲ ಉಪ್ಪುಗಾಳಿಗೆ ಕಾರಿನ ಅಡಿಭಾಗ ತುಕ್ಕು ಹಿಡಿಯುತ್ತದೆ. ಕೆಂಪು ಮಣ್ಣಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿದರೆ ಪೈಂಟಿನ ಮೇಲೆ ಗೀರು ಬೀಳುತ್ತದೆ. ಇದನ್ನೆಲ್ಲ ಗಿರಾಕಿಗೆ ವಿವರಿಸಿ ಹೇಳಬಲ್ಲವನಿಗೆ ಕೆಲಸ ಉಂಟು.

ಗಾಡಿಯಲ್ಲಿ ಆಗದ್ದೂ ಉಂಟು. ಬಿಸಿಲಲ್ಲಿ ನಿಂತು ಪಾಲಿಶ್ ಮಾಡಿದರೆ ಕಾಂಪೌಂಡ್ ಒಣಗಿ ಕಲೆ ಬೀಳುತ್ತದೆ. ಸೆರಾಮಿಕ್ ಕೋಟಿಂಗ್‌ಗೆ ಧೂಳಿಲ್ಲದ ಜಾಗ ಬೇಕು, ಹಚ್ಚಿದ ಮೇಲೆ ಕೆಲವು ದಿನ ನೀರು ತಾಗಬಾರದು. ಅದು ಅಂಗಡಿಯ ಕೆಲಸ. ಪೆರ್ನಾಲ್ ಹತ್ತಿರ ಬಂದಾಗ ತರಾವೀಹ್ ಮುಗಿಸಿ ರಾತ್ರಿ ಕೆಲಸ ಮಾಡುವುದು ಅಂಗಡಿಯಲ್ಲಿ ಆಗುತ್ತದೆ. ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ಜನರೇಟರ್ ಶಬ್ದಕ್ಕೆ ಯಾರೂ ಬಿಡುವುದಿಲ್ಲ.

ಮನೆಗೆ ಹೋಗುವವನಿಗೆ ಇನ್ನೊಂದು ಅದಬ್ ಬೇಕು. ಇವತ್ತು ನಮ್ಮ ಹೆಣ್ಣುಮಕ್ಕಳೂ ಕಾರು ಓಡಿಸುತ್ತಾರೆ, ಅಂಗಡಿಯಲ್ಲಿ ಎರಡು ಗಂಟೆ ಕಾದು ಕೂರಲು ಹಲವರಿಗೆ ಮುಜುಗರ. ಅಂಥ ಮನೆಗೆ ಮೊದಲೇ ಫೋನ್ ಮಾಡಿ, ಹೇಳಿದ ಹೊತ್ತಿಗೆ ಹೋಗಿ, ಗೇಟಿನ ಬಳಿಯೇ ಕೆಲಸ ಮುಗಿಸಿ ಬರಬೇಕು. ಕಾರಿನೊಳಗೆ ಸಿಕ್ಕಿದ ಹತ್ತು ರೂಪಾಯಿಯೂ ಅಮಾನತ್. ಶುರು ಮಾಡುವ ಮೊದಲು ಕಾರಿನ ಸುತ್ತ ಫೋಟೋ ತೆಗೆದಿಟ್ಟರೆ ಇಬ್ಬರಿಗೂ ಒಳ್ಳೆಯದು.

ನೀರು ಮತ್ತು ಮಾತು

ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಮದ್ರಸದ ಮಕ್ಕಳಿಗೂ ಕಲಿಸುತ್ತೇವೆ. 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ಸರದಿ ಪ್ರಕಾರ ನೀರು ಬಿಟ್ಟದ್ದು ಯಾರೂ ಮರೆತಿಲ್ಲ. ಸಣ್ಣ ಪ್ರೆಶರ್ ವಾಷರ್‌ಗೆ ನಿಮಿಷಕ್ಕೆ ಆರೇಳು ಲೀಟರ್ ಸಾಕು, ಪೈಪ್ ಬಿಟ್ಟು ತೊಳೆದರೆ ಅದರ ದುಪ್ಪಟ್ಟು. ಶಾಂಪೂ ನೀರು ನೆರೆಮನೆಯ ಬಾವಿಯ ಕಡೆ ಹರಿಯದಂತೆ ನೋಡಿಕೊಳ್ಳುವುದೂ ನೆರೆಯವರ ಹಕ್ಕಿನಲ್ಲಿ ಸೇರಿದ್ದು.

ಮಾತಿನಲ್ಲೂ ಶುದ್ಧಿ ಬೇಕು. ಮೇಲೆ ಒಣ ಧಾನ್ಯ ಇಟ್ಟು ಒಳಗೆ ಒದ್ದೆ ಮುಚ್ಚಿಟ್ಟಿದ್ದ ವ್ಯಾಪಾರಿಯ ರಾಶಿಗೆ ಪ್ರವಾದಿವರ್ಯರು (ಸ) ಕೈಹಾಕಿ ನೋಡಿ ಎಚ್ಚರಿಸಿದ ಘಟನೆ ನಮಗೆಲ್ಲ ಗೊತ್ತು. ಸಾದಾ ವ್ಯಾಕ್ಸ್ ಹಚ್ಚಿ ಸೆರಾಮಿಕ್ ಎನ್ನುವುದು, ಕೋಟಿಂಗ್ ಮಾಡಿದರೆ ಗೀರೇ ಬೀಳುವುದಿಲ್ಲ ಎನ್ನುವುದು ಅದೇ ಒದ್ದೆ ಧಾನ್ಯ. ಕಲ್ಲು ಸಿಡಿದರೆ ಕೋಟಿಂಗ್ ತಡೆಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದವನ ಬಳಿಗೆ ಗಿರಾಕಿ ಪುನಃ ಬರುತ್ತಾನೆ.

ಭಾವನ ಹಣ

ಇಷ್ಟಾದ ಮೇಲೆ ಹುಡುಗ ಮೆಲ್ಲಗೆ ಹೇಳಿದ: "ಹಣ ಭಾವ ಹಾಕ್ತಾರೆ ಉಸ್ತಾದ್. ತಿಂಗಳಿಗೆ ಹತ್ತು ಸಾವಿರ ಫಿಕ್ಸ್ ಕೊಡ್ಬೇಕಂತೆ."

ಲಾಭ ಬರಲಿ ಬಿಡಲಿ, ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿದರೆ ಅದು ಪಾಲುದಾರಿಕೆ ಆಗುವುದಿಲ್ಲ, ಬಡ್ಡಿಯ ದಾರಿ ಆಗುತ್ತದೆ. ಒಬ್ಬರ ಹಣ, ಇನ್ನೊಬ್ಬರ ದುಡಿಮೆ ಸೇರುವ ಮುದಾರಬದಲ್ಲಿ ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಬೇಕು. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಹಣ ಹಾಕಿದವನ ಹಣ ಹೋಗುತ್ತದೆ, ದುಡಿದವನ ದುಡಿಮೆ ಹೋಗುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಕುರ್‌ಆನಿನ ಅತಿ ದೀರ್ಘ ಆಯತ್, ಬಕರಾ ಅಧ್ಯಾಯದ 282ನೆಯದು, ಕಲಿಸುತ್ತದೆ. ಸಂಬಂಧಿಕರಲ್ಲಿ ಬರೆಯುವುದು ಹೇಗೆ ಎಂಬ ನಾಚಿಕೆಯೇ ಆಮೇಲೆ ಜಗಳವಾಗಿ ಜಮಾಅತ್ ಕಮಿಟಿಯ ಮುಂದೆ ಬಂದು ಕೂರುವುದು. ಭಾವನಿಗೆ ನಾವೇ ಫೋನ್ ಮಾಡಿದೆವು. ಅರ್ಧ ಗಂಟೆ ಮಾತಾಯಿತು. ನೂರಕ್ಕೆ ನಲವತ್ತು ಅವರಿಗೆ, ಅರವತ್ತು ಇವನಿಗೆ ಎಂದು ಎರಡು ಪುಟ ಬರೆದು ಇಬ್ಬರೂ ಸಹಿ ಹಾಕಿದರು.

ಹುಡುಗ ಗಾಡಿ ತೆಗೆದುಕೊಂಡ. ಪಾಲಿಕೆಯಲ್ಲಿ ಟ್ರೇಡ್ ಲೈಸೆನ್ಸ್ ವಿಚಾರಿಸಿದ, ಉದ್ಯಮ್ ನೋಂದಣಿಯನ್ನು ಆನ್‌ಲೈನ್‌ನಲ್ಲಿ ಮಾಡಿಕೊಂಡ. ಅದಕ್ಕೆ ಶುಲ್ಕವಿಲ್ಲ, ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಕಳೆದ ಮಳೆಗಾಲ ದಾಟಿದ. ಮೊನ್ನೆ ಸಿಕ್ಕಿದಾಗ, ಇನ್ನೊಂದು ವರ್ಷ ಗಿರಾಕಿ ಗಟ್ಟಿಯಾದ ಮೇಲೆ ಒಂದು ಶೆಡ್ ಹಿಡಿದು ಕೋಟಿಂಗ್ ಶುರು ಮಾಡುತ್ತೇನೆ ಎಂದ. ಅವನ ಉಮ್ಮನ ಚಿನ್ನ ಉಮ್ಮನ ಹತ್ತಿರವೇ ಉಂಟು.

ನಮ್ಮ ಮೊಹಲ್ಲಾಗಳಲ್ಲಿ ವ್ಯಾಪಾರದಲ್ಲಿ ಪಳಗಿದ ಹಿರಿಯರು ಬೇಕಾದಷ್ಟು ಇದ್ದಾರೆ. ತಿಂಗಳಿಗೊಮ್ಮೆ ಇಶಾ ನಮಾಝ್ ಆದ ಮೇಲೆ ಒಂದು ಗಂಟೆ ಕೂತು, ಅಂಗಡಿ ತೆರೆಯುವ ಮಕ್ಕಳ ಪುಸ್ತಕ ನೋಡಿಕೊಡಲಿ. ರಿಬ್ಬನ್ ಕತ್ತರಿಸುವ ದಿನ ಕೇಳಿ ಪ್ರಯೋಜನವಿಲ್ಲ, ಅಡ್ವಾನ್ಸ್ ಕೊಡುವ ಮೊದಲೇ ಕೇಳಬೇಕು. ಉಸ್ತಾದರಾದ ನಮಗೂ ಇದು ಅನ್ವಯಿಸುತ್ತದೆ. ಮಕ್ಕಳ ದುಡಿಮೆಯಲ್ಲಿ ಅಲ್ಲಾಹು ಬರಕತ್ ನೀಡಲಿ, ಆಮೀನ್.