ಹಳ್ಳಿಗೊಂದು ಲೇತ್ ಯಂತ್ರ: ಹಳೆಯದೋ, ಹೊಸದೋ?



ಬೆಳೆ ತೆನೆಗಟ್ಟುವ ಕಾಲಕ್ಕೆ ಪಂಪಿನ ಬುಷ್ ಸವೆದರೆ ರೈತನ ಪಾಡು ಹೇಳತೀರದು. ಅಂಗೈಯಲ್ಲಿ ಹಿಡಿಸುವ ಒಂದು ಗನ್‌ಮೆಟಲ್ ಬುಷ್ಷಿಗಾಗಿ ಪಟ್ಟಣದ ಲೇತ್ ಅಂಗಡಿಯ ಮುಂದೆ ದಿನವಿಡೀ ಕಾಯಬೇಕು. ಅಷ್ಟರಲ್ಲಿ ಹೊಲ ಬಾಡುತ್ತದೆ. ಆದ್ದರಿಂದ ನಾಲ್ಕು ಮಂದಿ ಕೂಡಿ ಊರಿನಲ್ಲೇ ಒಂದು ಲೇತ್ ಇಟ್ಟುಕೊಳ್ಳುವ ಯೋಚನೆ ಒಳ್ಳೆಯದೇ. ಆದರೆ ಹಳೆಯ ಗಟ್ಟಿ ಯಂತ್ರವನ್ನು ಕೊಳ್ಳಬೇಕೋ, ಅಗ್ಗದ ಹೊಸ ಯಂತ್ರವನ್ನೋ? ಸಾಲ ಮಾಡುವ ಮುನ್ನ ಇದನ್ನು ವಿಚಾರಿಸತಕ್ಕದ್ದು.

ಲೇತ್ ಎಂದರೇನು? ಲೋಹದ ತುಂಡನ್ನು ಚಕ್ಕಿನಲ್ಲಿ ಹಿಡಿದು ತಿರುಗಿಸುವುದು. ಗಟ್ಟಿಯಾದ ಉಳಿಯನ್ನು ಅದಕ್ಕೆ ಒತ್ತಿ, ಬೇಕಾದ ಅಳತೆಗೆ ಸುತ್ತಲೂ ಕತ್ತರಿಸುವುದು. ಒತ್ತುವಾಗ ಯಂತ್ರ ಅದುರಬಾರದು. ಅದುರಿದರೆ ಅಳತೆ ಕೆಡುತ್ತದೆ, ಉಳಿ ಮುರಿಯುತ್ತದೆ. ಆದಕಾರಣ ಲೇತಿಗೆ ತೂಕವೇ ಬಲ.

ಹಳೆಯ ಯಂತ್ರದ ಗುಣ ಇದೇ. ನಮ್ಮ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಹುಕಾಲ ಲೇತುಗಳನ್ನು ತಯಾರಿಸಿತು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಕೂಡ ಲೇತಿನಿಂದಲೇ ಹೆಸರು ಪಡೆಯಿತು. ಆ ಕಾಲದ ಎರಕದ ಬೆಡ್ಡುಗಳು ಹಲವು ಕ್ವಿಂಟಲ್ ತೂಗುತ್ತವೆ. ಪಂಪಿನ ಉದ್ದನೆಯ ಶಾಫ್ಟನ್ನೂ ಹಿಡಿಯುತ್ತವೆ. ಹರಿಹರದ ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿವೆ. ಮುರಿದ ಗೇರನ್ನು ಬೇರೆ ಕಡೆ ಮಾಡಿಸಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಈಗ ಮೇಜಿನ ಮೇಲಿಡುವ ಅಗ್ಗದ ಚಿಕ್ಕ ಲೇತುಗಳು ಬಂದಿವೆ. ಇವುಗಳ ತೂಕ ಸುಮಾರು 40 ಕಿಲೋ. ಎರಡು ಸೆಂಟರುಗಳ ನಡುವೆ ಸಿಗುವ ಜಾಗ 300ರಿಂದ 350 ಮಿ.ಮೀ. ಮಾತ್ರ. ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ನಡೆಯುತ್ತವೆ. ವೇಗವನ್ನು ಗುಂಡಿ ತಿರುಗಿಸಿ ಬದಲಿಸಬಹುದು. ಬುಷ್, ಪಿನ್ನು, ವಾಷರುಗಳಿಗೆ ಇವು ಸಾಕು. ಆದರೆ ತೆಳುವಾಗಿ ಮಾತ್ರ ಕತ್ತರಿಸುತ್ತವೆ. ಕೆಲವದರಲ್ಲಿ ಗೇರುಗಳು ಪ್ಲಾಸ್ಟಿಕ್ಕಿನವು. ವೋಲ್ಟೇಜ್ ಏರುಪೇರಾಗಿ ವೇಗ ನಿಯಂತ್ರಿಸುವ ಕಾರ್ಡು ಸುಟ್ಟರೆ, ಬೇರೊಂದು ಬರುವವರೆಗೂ ಯಂತ್ರ ಸುಮ್ಮನೆ ಕೂರುತ್ತದೆ.

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಣ್ಣ ನೋಡಿ ಹಣ ಕೊಡುತ್ತೀರಾ? ಹಲ್ಲು ನೋಡುತ್ತೀರಿ, ನಡೆಸಿ ನೋಡುತ್ತೀರಿ. ಹಳೆಯ ಲೇತಿಗೂ ಅದೇ ಕ್ರಮ. ಹೊಸ ಬಣ್ಣ ಬಳಿದಿದ್ದರೆ ಇನ್ನಷ್ಟು ಎಚ್ಚರವಿರಲಿ. ಬಲ್ಲ ಟರ್ನರ್ ಒಬ್ಬರನ್ನು ಕರೆದೊಯ್ದು ಹೀಗೆ ಪರೀಕ್ಷಿಸಿ:

1. ಬೆಡ್ಡು: ಉಳಿ ಹೊತ್ತು ಸಾಗುವ ಸ್ಯಾಡಲ್ಲನ್ನು ಚಕ್ಕಿನ ಹತ್ತಿರ ತಂದು, ಕಷ್ಟದಿಂದ ಚಲಿಸುವಷ್ಟು ಬಿಗಿ ಮಾಡಿ. ಬಳಿಕ ಇನ್ನೊಂದು ತುದಿಗೆ ಸರಿಸಿ. ಅಲ್ಲಿ ಕಚ್ಚಿ ನಿಂತರೆ, ಚಕ್ಕಿನ ಬಳಿ ಬೆಡ್ಡು ಸವೆದಿದೆ ಎಂದು ತಿಳಿಯಿರಿ.

2. ಸ್ಪಿಂಡಲ್: ಚಕ್ಕಿಗೆ ಒಂದು ಸರಳು ಕಚ್ಚಿಸಿ ಮೇಲಕ್ಕೆ ಎತ್ತಿ ನೋಡಿ. ಕೈಗೆ ತಿಳಿಯುವಷ್ಟು ಅಲುಗಾಡಿದರೆ ಬೇರಿಂಗಿನ ಖರ್ಚು ಕಾದಿದೆ.

3. ಗೇರು: ಎಲ್ಲ ವೇಗಗಳಲ್ಲೂ ಓಡಿಸಿ ಶಬ್ದ ಕೇಳಿ. ಮುಚ್ಚಳ ತೆರೆಸಿ ಹಲ್ಲುಗಳನ್ನು ಎಣಿಸಿ ನೋಡಿ.

4. ಕತ್ತರಿಸುವಿಕೆ: 25 ಮಿ.ಮೀ. ಸರಳನ್ನು ಚಕ್ಕಿನಿಂದ 100 ಮಿ.ಮೀ. ಹೊರಗಿಟ್ಟು ತೆಳುವಾಗಿ ಕತ್ತರಿಸಿ, ಎರಡೂ ತುದಿಗಳನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ವ್ಯತ್ಯಾಸ 0.02–0.03 ಮಿ.ಮೀ. ಒಳಗಿದ್ದರೆ ನಮ್ಮ ಕೆಲಸಕ್ಕೆ ಚೆನ್ನಾಗಿದೆ. ಹೆಚ್ಚಿದ್ದರೆ ಯಂತ್ರವನ್ನು ಮಟ್ಟ ಮಾಡಿಸಿ ಮತ್ತೊಮ್ಮೆ ಅಳೆಯಿರಿ. ನೆಲ ಸಮವಿಲ್ಲದೆ ಬೆಡ್ಡು ತಿರುಚಿದರೂ ಹೀಗಾಗುವುದುಂಟು.

5. ಜೊತೆ ಸಾಮಾನು: ಚಕ್ಕುಗಳು, ಚೇಂಜ್ ಗೇರುಗಳು ಎಲ್ಲವೂ ಇವೆಯೇ ನೋಡಿ. ಅಂಗುಲದ ಲೀಡ್ ಸ್ಕ್ರೂ ಇದ್ದರೆ 127 ಹಲ್ಲಿನ ಗೇರನ್ನು ಕೇಳಿ. ಅಂಗುಲಕ್ಕೆ 25.4 ಮಿ.ಮೀ. ಆದ್ದರಿಂದ, ಮಿಲಿಮೀಟರ್ ಮರೆಯನ್ನು ಕರಾರುವಾಕ್ಕಾಗಿ ಕತ್ತರಿಸಲು ಅದು ಬೇಕು.

ಹ್ಯಾಂಡಲಿನಲ್ಲಿ ಸ್ವಲ್ಪ ಸಡಿಲವಿದ್ದರೆ ಹೆದರಬೇಕಿಲ್ಲ. ಅದರ ಸ್ಕ್ರೂ, ನಟ್ಟು ಬದಲಿಸಬಹುದು. ಬೆಡ್ಡು ಸವೆದಿದ್ದರೆ ಮಾತ್ರ ಹಿಂದಿರುಗಿ ಬನ್ನಿ. ಅದನ್ನು ಉಜ್ಜಿ ಸರಿಪಡಿಸುವ ಖರ್ಚು ನಮ್ಮಂಥವರಿಗೆ ಭಾರ.

ಬೆಲೆಯೊಂದೇ ಲೆಕ್ಕವಲ್ಲ. ಹಳೆಯದಕ್ಕೆ ಸಾಗಣೆ, ಕಾಂಕ್ರೀಟ್ ನೆಲ, ತ್ರೀ ಫೇಸ್ ಸಂಪರ್ಕ ಅಥವಾ ಸಿಂಗಲ್ ಫೇಸಿಗೆ ಬದಲಿಸಿದ ಮೋಟಾರು, ಇವನ್ನೂ ಸೇರಿಸಿ. ನೀರಾವರಿ ಪಂಪಿಗೆಂದು ಕೊಟ್ಟ ವಿದ್ಯುತ್ತಿನಿಂದ ಲೇತ್ ನಡೆಸುವಂತಿಲ್ಲ. ಬೇರೆ ಸಂಪರ್ಕ ಪಡೆಯಬೇಕು. ಹೊಸದಕ್ಕೆ ಒಳ್ಳೆಯ ಉಳಿಗಳು ಮತ್ತು ಸ್ಟೆಬಿಲೈಸರಿನ ಖರ್ಚು ಸೇರಿಸಿ. ಬಿಡಿಭಾಗ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ತೀರ್ಮಾನ ಹೀಗಿರಲಿ. ಶಾಫ್ಟು, ಪುಲ್ಲಿಗಳ ಕೆಲಸ ಹೆಚ್ಚಿದ್ದು, ಜಾಗವೂ ಇದ್ದರೆ, ಪರೀಕ್ಷೆಯಲ್ಲಿ ಗೆದ್ದ ಹಳೆಯ ಯಂತ್ರವೇ ಮೇಲು. ಸಣ್ಣ ಬುಷ್, ಪಿನ್ನುಗಳಷ್ಟೇ ಸಾಕೆಂದರೆ ಹೊಸದು ಸಾಕು. ನಡೆಸಬಲ್ಲವರೇ ಊರಿನಲ್ಲಿ ಇಲ್ಲದಿದ್ದರೆ ಎರಡನ್ನೂ ಕೊಳ್ಳಬೇಡಿ. ಮೊದಲು ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಐ.ಟಿ.ಐ.ಯ ಎರಡು ವರ್ಷದ ಟರ್ನರ್ ತರಬೇತಿಗೆ ಕಳುಹಿಸಿ.

ಕೊನೆಯದಾಗಿ ಒಂದು ಮಾತು. ಹೆಗಲ ಮೇಲಿನ ಟವೆಲು, ಜೋಲುವ ಪಂಚೆ, ಸೆರಗು, ಉದ್ದ ತೋಳು, ಕೈಗವಸು—ಇವಾವುವೂ ತಿರುಗುವ ಚಕ್ಕಿನ ಬಳಿ ಕೂಡದು. ಚಕ್ಕಿನ ಕೀಲಿಯನ್ನು ತೆಗೆಯದೆ ಸ್ವಿಚ್ಚು ಹಾಕಬೇಡಿ. ನಿಂತ ಪಂಪನ್ನು ನಾಳೆ ನಡೆಸಬಹುದು. ಹೋದ ಕೈ ಮತ್ತೆ ಬಾರದು.