ಕೋಚ್‌ನ ಟಿಪ್ಪಣಿ ಪುಸ್ತಕದಲ್ಲಿ ಏನಿರಬೇಕು?

ಕೋಚಿಂಗ್ ಎಂದೊಡನೆ ನಮ್ಮಲ್ಲಿ ಥಟ್ಟನೆ ನೆನಪಾಗುವುದು ಸಿಇಟಿ, ನೀಟ್ ಪರೀಕ್ಷೆಗಳ ಪಾಠಶಾಲೆಗಳು. ಸಂಸ್ಥೆಗಳ ಅಧಿಕಾರಿಗಳಿಗಾಗಿ ನಡೆಯುವ ವೃತ್ತಿಪರ ಕೋಚಿಂಗ್ ಬೇರೆಯದೇ ಬಗೆಯದು. ಅಲ್ಲಿ ಪಾಠವಿಲ್ಲ, ಉಪದೇಶವೂ ಕಡಿಮೆ. ಕೋಚ್ ಪ್ರಶ್ನಿಸುತ್ತಾರೆ, ಎದುರಿಗಿರುವವರು ಯೋಚಿಸಿ ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುತ್ತಾರೆ. ವಾರಗಳ ಅಂತರದಲ್ಲಿ, ತಿಂಗಳುಗಟ್ಟಲೆ ಸಾಗುವ ಈ ಮಾತುಕತೆಯ ಎಳೆ ತುಂಡಾಗದಂತೆ ಕಾಯುವುದು ಕೋಚ್ ಬರೆದಿಡುವ ಟಿಪ್ಪಣಿ.

ನ್ಯಾಯಾಲಯದ ಕಲಾಪದಂತೆ ಎಲ್ಲವನ್ನೂ ಬರೆದುಕೊಳ್ಳಲು ಹೊರಟವರಿಗೆ ಕೇಳಿಸಿಕೊಳ್ಳಲು ಪುರುಸೊತ್ತೇ ಇರದು. ಮಾತಿನ ನಡುವೆ ನಾಲ್ಕಾರು ಪದ ಸಾಕು. ಉಳಿದದ್ದನ್ನು ಭೇಟಿ ಮುಗಿದ ಕೂಡಲೇ ಬರೆಯಬೇಕು. ಮರುದಿನಕ್ಕೆ ಬಿಟ್ಟರೆ ಅವರ ಮಾತು ಮರೆತು, ನಮ್ಮ ಅಭಿಪ್ರಾಯವಷ್ಟೇ ಉಳಿದಿರುತ್ತದೆ.

ಇದು ಸಣ್ಣ ನಷ್ಟವಲ್ಲ. ಹೊಸದಾಗಿ ಬಡ್ತಿ ಪಡೆದ ಅಧಿಕಾರಿಯೊಬ್ಬರು ‘ಸಭೆಯಲ್ಲಿ ಬಾಯಿಗೆ ಬೀಗ ಬೀಳುತ್ತದೆ’ ಎಂದರೆನ್ನಿ. ಅದನ್ನು ‘ಆತ್ಮವಿಶ್ವಾಸದ ಕೊರತೆ’ ಎಂದು ಬರೆದರೆ ಅದು ಕೋಚ್ ನೀಡಿದ ತೀರ್ಪಾಯಿತು. ‘ಬಾಯಿಗೆ ಬೀಗ’ ಎಂದೇ ಬರೆದಿಟ್ಟರೆ, ಮುಂದಿನ ಭೇಟಿಯಲ್ಲಿ ‘ಆ ಬೀಗ ಬೀಳುವುದು ಯಾರಿದ್ದಾಗ?’ ಎಂದು ಕೇಳಬಹುದು. ಒಬ್ಬ ಮೇಲಧಿಕಾರಿಯ ಎದುರು ಮಾತ್ರ ಹಾಗಾಗುತ್ತದೆ ಎಂದು ತಿಳಿದರೆ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಕೋಚ್‌ಗೆ ತಮ್ಮದೇ ಊಹೆ ಹೊಳೆದರೆ ಬರೆಯಬಾರದೆಂದಲ್ಲ. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇರಲಿ.

ಬ್ರಿಟನ್ನಿನ ಜಾನ್ ವಿಟ್‌ಮೋರ್ ಅವರ 1992ರ ಪುಸ್ತಕದಿಂದ ಪ್ರಸಿದ್ಧಿಗೆ ಬಂದ ‘ಗ್ರೋ’ ಮಾದರಿಯಲ್ಲಿ ಗುರಿ, ವಾಸ್ತವ, ಆಯ್ಕೆಗಳು, ಸಂಕಲ್ಪ ಎಂಬ ನಾಲ್ಕು ಹಂತಗಳಿವೆ. ಇವನ್ನೇ ಟಿಪ್ಪಣಿಯ ಕಲಮುಗಳನ್ನಾಗಿ ಬಳಸಬಹುದು. ಹೆಚ್ಚು ಗಮನ ಬೇಡುವುದು ಕೊನೆಯದು: ಏನು ಮಾಡುತ್ತೇನೆಂದರು, ಎಂದಿನೊಳಗೆ? ಮುಂದಿನ ಭೇಟಿಗೆ ಮುನ್ನ ಕೋಚ್ ಓದಬೇಕಾದ ಮೊದಲ ಸಾಲು ಅದೇ. ಹಾಗೆಂದು ಮೇಷ್ಟ್ರು ಹೋಮ್‌ವರ್ಕ್ ಕೇಳಿದಂತೆ ಕೇಳಿದರೆ ಕೆಲಸ ಕೆಡುತ್ತದೆ.

ಇನ್ನು ಕಠಿಣ ಪ್ರಶ್ನೆ. ಶುಲ್ಕ ಕೊಡುವುದು ಕಂಪನಿ, ಮನಸ್ಸು ಬಿಚ್ಚುವುದು ಅದರ ನೌಕರ. ‘ಪ್ರಗತಿ ಹೇಗಿದೆ, ಟಿಪ್ಪಣಿ ತೋರಿಸಿ’ ಎಂದು ಮಾನವ ಸಂಪನ್ಮೂಲ ವಿಭಾಗ ಕೇಳಿದರೆ? 1995ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಕೋಚಿಂಗ್ ಒಕ್ಕೂಟ, ಐಸಿಎಫ್‌ನ ನೀತಿಸಂಹಿತೆಯ ಪ್ರಕಾರ, ಯಾವ ಮಾಹಿತಿ ಯಾರಿಗೆ ಹೋಗಬೇಕೆಂಬುದು ಮೂವರ ನಡುವೆ ಮೊದಲೇ ಸ್ಪಷ್ಟವಾಗಿ ಒಪ್ಪಿತವಾಗಿರಬೇಕು. ಕಡತಗಳ ಸಂಗ್ರಹ, ವಿಲೇವಾರಿಗಳೂ ಗೋಪ್ಯತೆಗೆ ತಕ್ಕಂತಿರಬೇಕು. ಹಾಜರಾತಿ ಹಾಗೂ ಒಪ್ಪಿದ ಗುರಿಗಳನ್ನಷ್ಟೇ ಕಂಪನಿಗೆ ತಿಳಿಸುವುದೆಂದು ಆರಂಭದಲ್ಲೇ ಬರೆದುಕೊಳ್ಳುವುದು ಕ್ಷೇಮ. ಸಭೆಯಲ್ಲಿ ಬಾಯಿಗೆ ಬೀಗ ಬೀಳಿಸುವ ಆ ಮೇಲಧಿಕಾರಿಯೇ ಟಿಪ್ಪಣಿ ಓದುವಂತಾದರೆ ನೌಕರನ ಮುಂದಿನ ಬಡ್ತಿಯ ಗತಿಯೇನು?

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಡಿಜಿಟಲ್ ರೂಪದ ಮಾಹಿತಿಗೆ ಸಂಬಂಧಿಸಿದ್ದು. ಕಾಗದದ ಡೈರಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದರ ಪುಟವನ್ನು ಸ್ಕ್ಯಾನ್ ಮಾಡಿಟ್ಟರೆ ಬರುತ್ತದೆ. ಮಾತನ್ನು ತಾನೇ ಅಕ್ಷರಕ್ಕಿಳಿಸುವ ತಂತ್ರಾಂಶಗಳು ಈಗ ಕೈಗೆಟಕುವಂತಿವೆ. ಕೋಚ್‌ಗೆ ಶ್ರಮ ಉಳಿಯುತ್ತದೆ ನಿಜ, ಆದರೆ ನೌಕರನ ಅನುಮತಿಯಿಲ್ಲದೆ ಅವನ್ನು ಚಾಲನೆ ಮಾಡಕೂಡದು. ಅನುಮತಿ ಸಿಕ್ಕರೂ ಆ ಧ್ವನಿ ಯಾವ ಸರ್ವರ್‌ನಲ್ಲಿ, ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಅವರಿಗೆ ಹೇಳಬೇಕಾದವರು ಕೋಚ್.