ಓಡಾಡುವ ಇಲಿಯ ಮಿದುಳನ್ನು ಆಲಿಸುವ ಬಗೆ

ರಾತ್ರಿ ದೀಪವಾರಿದರೂ ನಾವು ಕತ್ತಲಲ್ಲಿಯೇ ನಡೆದು ಬೆಂಕಿಪೆಟ್ಟಿಗೆಯಿರುವ ಗೂಡನ್ನು ಮುಟ್ಟಬಲ್ಲೆವು. ಕಣ್ಣು ಕಾಣದಿದ್ದರೂ ನಾವು ಎಲ್ಲಿರುವೆವೆಂಬುದನ್ನು ಮಿದುಳು ಬಲ್ಲುದು. ಈ ಅರಿವು ಉಂಟಾಗುವ ಬಗೆ ಯಾವುದು? ಇದಕ್ಕೆ ಮುಖ್ಯವಾದ ಉತ್ತರವು ದೊರೆತದ್ದು, ಸ್ವೇಚ್ಛೆಯಾಗಿ ಓಡಾಡತಕ್ಕ ಇಲಿಗಳ ಮಿದುಳಿನಲ್ಲಿ ಅತಿ ಸೂಕ್ಷ್ಮವಾದ ತಂತಿಗಳನ್ನಿರಿಸಿ ನಡೆಸಿದ ಪರೀಕ್ಷೆಗಳಿಂದ.

ನರಕೋಶದ ಸುದ್ದಿಯು ಅದರ ತಂತುವಿನಲ್ಲಿ ವಿದ್ಯುತ್ತಿನ ಮಿಡಿತವಾಗಿ ಹರಿಯುವುದು. ಒಂದು ಮಿಡಿತದ ಆಯುಷ್ಯ ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಕೋಶದ ಹೊರಗೆ ಅದರ ಬಲ ಸುಮಾರು ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲು. ಆದ್ದರಿಂದ ತಂತಿಯ ತುದಿಯು ಕೋಶದ ಬಳಿಯಲ್ಲಿಯೇ ನಿಂತಿರಬೇಕು.

ಮೊದಮೊದಲು ಇಂತಹ ಪರೀಕ್ಷೆಗಳನ್ನು ಹೆಚ್ಚಾಗಿ ಅರಿವಳಿಕೆ ಕೊಟ್ಟ ಪ್ರಾಣಿಗಳ ಮೇಲೆ ಮಾಡುತ್ತಿದ್ದರು. ಆದರೆ ನಿದ್ರಿಸುತ್ತಿರುವ ನೇಕಾರನನ್ನು ನೋಡಿ ನೇಯ್ಗೆಯನ್ನು ತಿಳಿಯುವುದೆಂತು? ೧೯೫೭ರಲ್ಲಿ ಅಮೆರಿಕದಲ್ಲಿದ್ದ ಡೇವಿಡ್ ಹ್ಯೂಬೆಲ್ ಎಂಬವರು ಟಂಗ್‌ಸ್ಟನ್ ತಂತಿಯ ತುದಿಯನ್ನು ವಿದ್ಯುತ್ತಿನಿಂದ ಸವೆಯಿಸಿ ಮೊನೆಮಾಡಿ, ಅದಕ್ಕೆ ಮೆರುಗೆಣ್ಣೆಯ ಲೇಪವನ್ನು ಕೊಡುವ ಕ್ರಮವನ್ನು ಪ್ರಕಟಿಸಿದರು. ೧೯೫೯ರಲ್ಲಿ, ಕಟ್ಟಿಹಾಕದ, ಎಚ್ಚರವಾಗಿರುವ ಬೆಕ್ಕುಗಳ ಮಿದುಳಿನ ಕೋಶಗಳನ್ನು ಪರೀಕ್ಷಿಸಿದ ವಿವರವನ್ನು ತಿಳಿಸಿದರು.

ಈ ಕಾರ್ಯದ ವಿಧಾನವಿದು. ಪ್ರಾಣಿಗೆ ಅರಿವಳಿಕೆ ಕೊಟ್ಟು, ತಲೆಬುರುಡೆಯಲ್ಲಿ ಸಣ್ಣ ರಂಧ್ರವನ್ನು ಕೊರೆದು, ತಂತಿಗಳನ್ನು ಇಳಿಸುವರು. ಅವುಗಳನ್ನು ಹಿಡಿದಿರುವ ಪುಟ್ಟ ಯಂತ್ರವನ್ನು ದಂತವೈದ್ಯರು ಬಳಸುವ ಸಿಮೆಂಟಿನಿಂದ ಬುರುಡೆಗೆ ಅಂಟಿಸುವರು. ಗಾಯವು ಮಾಗಿದ ಬಳಿಕ ಪ್ರಾಣಿಯು ಎಂದಿನಂತೆ ಓಡಾಡುವುದು. ಮಿದುಳಿಗೆ ತನ್ನದೇ ನೋವಿನ ಅರಿವಿಲ್ಲವಾದುದರಿಂದ, ಯಂತ್ರದ ತಿರುಪನ್ನು ತಿರುಗಿಸಿ ತಂತಿಯನ್ನು ಎಳ್ಳಷ್ಟೆಳ್ಳಷ್ಟೇ ಮುಂದೆ ಸರಿಸಬಹುದು.

ಇಲ್ಲೊಂದು ತೊಡಕುಂಟು. ಒಂದೇ ತಂತಿಗೆ ಅನೇಕ ಕೋಶಗಳ ಮಿಡಿತ ಕೇಳಿಸಿದರೆ ಯಾವುದು ಯಾರದೆಂದು ತಿಳಿಯುವುದು ಹೇಗೆ? ಇದಕ್ಕಾಗಿ ನಾಲ್ಕು ತಂತಿಗಳನ್ನು ಹೊಸೆದು ಇಳಿಸುವ ಪದ್ಧತಿಯು ೧೯೯೩ರ ವೇಳೆಗೆ ಬಳಕೆಗೆ ಬಂದಿತು. ಸಂತೆಯ ನಾಲ್ಕು ಮೂಲೆಗಳಲ್ಲಿ ನಿಂತವರಿಗೆ ಒಬ್ಬನ ಕೂಗು ಬೇರೆಬೇರೆ ಬಲದಲ್ಲಿ ಕೇಳಿಸುವಂತೆ, ಒಂದು ಕೋಶದ ಮಿಡಿತವು ನಾಲ್ಕು ತಂತಿಗಳಲ್ಲಿ ನಾಲ್ಕು ಬಗೆಯಾಗಿ ತೋರುವುದು. ಅದರಿಂದ ಕೋಶವನ್ನು ಗುರುತಿಸಬಹುದು.

ಇನ್ನು ಫಲವನ್ನು ನೋಡೋಣ. ೧೯೭೧ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜಾನ್ ಓಕೀಫ್ ಮತ್ತು ಜೊನಾಥನ್ ಡೊಸ್ಟ್ರೊವ್ಸ್ಕಿ ಎಂಬವರು, ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಆಶ್ಚರ್ಯಕರವಾದ ಕೋಶಗಳನ್ನು ಕಂಡರು. ಇಲಿಯು ಒಂದು ನಿರ್ದಿಷ್ಟ ಸ್ಥಳಕ್ಕೆ ಬಂದಾಗ ಒಂದು ಕೋಶ ಬಿರುಸಾಗಿ ಮಿಡಿಯುವುದು. ಮತ್ತೊಂದೆಡೆಗೆ ಹೋದರೆ ಮತ್ತೊಂದು ಕೋಶ. ಇಲಿಯನ್ನು ಕಟ್ಟಿಹಾಕಿದ್ದರೆ ಇದು ಗೋಚರವಾಗುತ್ತಲೇ ಇರಲಿಲ್ಲ. ೨೦೦೫ರಲ್ಲಿ ನಾರ್ವೆಯ ಮೈ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಮತ್ತು ಅವರ ಸಂಗಡಿಗರು ನೆರೆಯ ಭಾಗದಲ್ಲಿ ಬೇರೊಂದು ಬಗೆಯ ಕೋಶಗಳನ್ನು ವರ್ಣಿಸಿದರು. ಅಂಥ ಒಂದು ಕೋಶವು ಮಿಡಿಯುವ ಸ್ಥಳಗಳನ್ನೆಲ್ಲ ನೆಲದ ಮೇಲೆ ಗುರುತಿಸಿದರೆ ಸಂದುಚುಕ್ಕಿಯ ರಂಗವಲ್ಲಿಯೇ ಮೂಡುವುದು! ಓಕೀಫ್ ಮತ್ತು ಮೋಸರ್ ದಂಪತಿಗಳಿಗೆ ೨೦೧೪ರಲ್ಲಿ ನೊಬೆಲ್ ಬಹುಮಾನವು ಸಂದಿತು. ಆ ದಂಪತಿಗಳು ೨೦೧೬ರಲ್ಲಿ ಬೇರೆಯಾದರು.

ಇದು ಕೇವಲ ಕುತೂಹಲದ ವಿಷಯವಲ್ಲ. ಆಲ್ಜೈಮರ್ ರೋಗವು ಮನುಷ್ಯನಲ್ಲಿ ಬಹು ಬೇಗನೆ ಕೆಡಿಸುವುದು ಈ ಭಾಗಗಳನ್ನೇ. ಚಿರಪರಿಚಿತವಾದ ಬೀದಿಯಲ್ಲಿಯೇ ವೃದ್ಧರು ದಾರಿತಪ್ಪುವುದೇಕೆಂಬುದನ್ನು ತಿಳಿಯಲು ಈ ಜ್ಞಾನವು ನೆರವಾಗುತ್ತಿದೆ. ಈ ಲಾಭಕ್ಕಾಗಿ ಮೂಕಪ್ರಾಣಿಯು ತನ್ನ ದೇಹವನ್ನೇ ತೆರುತ್ತದೆ. ಆದ್ದರಿಂದ ಅದಕ್ಕೆ ಅನಾವಶ್ಯಕವಾದ ಹಿಂಸೆಯಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಋಣವೆಂದು ತಿಳಿಯತಕ್ಕದ್ದು.